ಕಾಕಾನ ಕಾರಿಗೆ ಹಚ್ಚಿದ ಮೇಣ

ನಮ್ಮ ಕಾಕಾ ಕಾರು ಕೊಂಡದ್ದು ಓಡಿಸುವುದಕ್ಕಲ್ಲ, ಒರೆಸುವುದಕ್ಕೆ! ಈ ಮಾತನ್ನು ನಾನು ಅವನ ಎದುರಿಗೇ ಹೇಳಿದ್ದೇನೆ. ಅವನಿಗೆ ಸಿಟ್ಟು ಬರಲಿಲ್ಲ. “ಓಡಸಾಕ ಯಾರಿಗಿ ಬೇಕಾದರೂ ಬರತೈತಿ. ಒರಸಾಕ ಬರಬೇಕಲಾ?” ಎಂದು ನನ್ನನ್ನೇ ಮರುಕದಿಂದ ನೋಡಿದ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಗೋಕಾಕದಲ್ಲಿ ಮಾಸ್ತರನಾಗಿದ್ದೆ, ಕಾಕಾನಿಗೆ ಹುಕ್ಕೇರಿಯಲ್ಲಿ ಬೆಲ್ಲದ ವ್ಯಾಪಾರ. ಬೆಳಗಾವಿಯಲ್ಲಿ ನಿವೃತ್ತರಾಗಿ ತಮ್ಮ ಊರಿಗೆ ಹೊರಟಿದ್ದ ಸಾಹೇಬರೊಬ್ಬರಿಂದ ಅವನು ಹಳೆಯದೊಂದು ಕರಿ ಕಾರು ಕೊಂಡು ತಂದ. ಎಂಜಿನ್ನು ಕೆಮ್ಮುತ್ತಿತ್ತು, ಹಾರ್ನು ಮೂಕವಾಗಿತ್ತು. ಆದರೆ ಬಣ್ಣ! ಕಾಕಾ ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಂಡು ಮೀಸೆ ತಿರುವಿದನಂತೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಎಂಜಿನ್ನು ಎನ್ನುವುದೊಂದು ಇರುತ್ತದೆ ಎಂಬುದು ಅವನಿಗೆ ನೆನಪಾದದ್ದು ಊರಿಗೆ ಬರುವ ದಾರಿಯಲ್ಲಿ, ಕಾರು ನಿಂತ ಮೇಲೆ.

ಅವತ್ತಿನಿಂದ ಮನೆಯಲ್ಲಿ ಒಂದೇ ಕಾನೂನು. ಕಾರನ್ನು ಯಾರೂ ಮುಟ್ಟಬಾರದು. ಅವನಿಗೆ ಒಬ್ಬಳೇ ಮಗಳು, ಆಗಿನ್ನೂ ಪರಕರ ಪೋಲಕ ತೊಡುವ ವಯಸ್ಸು. ಸಾಲೆಯಿಂದ ಬಂದವಳೇ ಪಾಟೀಚೀಲ ಎಸೆದು ಕಾರಿನ ಕಡೆ ಕೈ ಚಾಚುವಳು. ಒಳಗೆ ಊಟಕ್ಕೆ ಕುಳಿತ ಕಾಕಾನಿಗೆ ಅದು ಹೇಗೆ ತಿಳಿಯುತ್ತಿತ್ತೋ! “ಮುಟ್ಟಬ್ಯಾಡ!” ಎಂಬ ಕೂಗು ತುತ್ತಿನ ಸಮೇತ ಹೊರಗೆ ಬರುತ್ತಿತ್ತು.

“ಯಾಕ ಮುಟ್ಟಬಾರದಪಾ?”

“ಕೈಯಾಗ ಎಣ್ಣಿ ಇರತೈತಿ, ಬೆವರ ಇರತೈತಿ. ಬಣ್ಣಕ್ಕ ಬೆರಳಿನಷ್ಟ ದೊಡ್ಡ ವೈರಿ ಯಾರೂ ಇಲ್ಲ.”

“ಮತ್ತ ನೀ ದಿನಾ ಮುಟ್ಟತೀಯಲಾ?”

“ನನ್ನ ಕೈ ಬ್ಯಾರೆ!”

ಬ್ಯಾರೆ ಎಂಬುದೇನೋ ಖರೆ. ಆ ಕೈಗೆ ಸದಾ ಯಾವುದೋ ಒಂದು ಪಾಲಿಶಿನ ವಾಸನೆ. ಮೊದಲು ಬೂಟ್ ಪಾಲಿಶ್ ಹಚ್ಚಿದ. ಬೂಟೂ ಕರಿದು, ಕಾರೂ ಕರಿದು, ತಪ್ಪೇನು ಎಂಬುದು ಅವನ ತರ್ಕ. ಕಾರೇನೋ ಹೊಳೆಯಿತು. ಆದರೆ ನೆಂಟರ ಪೈಕಿ ಒಬ್ಬ ಹಿರಿಯರು ಬಿಳಿ ಧೋತರ ಉಟ್ಟು ಬಂದು, ಮಾತಾಡುತ್ತ ಮಾತಾಡುತ್ತ ಮಡ್‌ಗಾರ್ಡಿಗೆ ಒರಗಿ ನಿಂತರು. ಅವರು ಹೊರಟು ಹೋಗುವಾಗ ಕಾರಿನ ಅರ್ಧ ಬಣ್ಣ ಅವರ ಹಿಂದೆ ಹೋಗುತ್ತಿತ್ತು! ಕಾಕಾ ಧೋತರದ ಬಗ್ಗೆ ಒಂದು ಮಾತೂ ಆಡಲಿಲ್ಲ. “ನೋಡಿದೇನ, ಹೊಳಪು ಹೊಂಟ ಹೋತು” ಎಂದು ನನ್ನ ಮುಂದೆ ಹಲುಬಿದ.

ಆಮೇಲೆ ಕೊಬ್ಬರಿ ಎಣ್ಣೆಯ ಸರದಿ. ಸಂಕೇಶ್ವರದ ದಾರಿಯ ಧೂಳೆಲ್ಲ ಕಾರಿನ ಮೇಲೆ ಬಂದು ಕುಳಿತಿತು. ಅದರ ಹಿಂದೆಯೇ ಬೆಲ್ಲ ತುಂಬಿಡುವ ವಖಾರದ ಇರುವೆಗಳು ಸಾಲು ಹಿಡಿದು ಹತ್ತಿದವು. ಬೆಲ್ಲದ ವ್ಯಾಪಾರಿಯ ಕಾರಿಗೆ ಇರುವೆ ಹತ್ತದೆ ಇನ್ನೇನು ಹತ್ತಬೇಕು? ಮೇಣದ ಮೋಂಬತ್ತಿ ಉಜ್ಜಿದಾಗಲಂತೂ ಕಾರಿಗೆ ವಿಭೂತಿ ಬಳಿದಂತಾಗಿ, ದಾರಿಯಲ್ಲಿ ಹೋಗುವ ಮುದುಕಿಯೊಬ್ಬಳು ಕೈ ಮುಗಿದು ಹೋದಳು.

ಒಂದು ಸಲ ಗೋಕಾಕಕ್ಕೆ ಬಂದವನು ನನ್ನನ್ನು ಎಳೆದುಕೊಂಡು ಕಟ್ಟಿಗೆಯ ಗೊಂಬೆ ಮಾಡುವವರ ಮನೆಗೆ ನಡೆದ. ಅವರ ಕಟ್ಟಿಗೆಯ ಮಾವಿನಹಣ್ಣು ಕಂಡರೆ ಕಚ್ಚಬೇಕೆನಿಸುತ್ತದೆ, ಅಂಥ ಹೊಳಪು. “ಈ ಹೊಳಪು ವರ್ಷಾನಗಟ್ಟಲೆ ಹೆಂಗ ಇರತೈತಿ?” ಎಂದು ಕಾಕಾ ಕೇಳಿದ.

ಗೊಂಬೆಯವ ನಕ್ಕ. “ನಮ್ಮ ಹಣ್ಣು ಬಿಸಲಾಗ ತಿರಗಾಡೂದಿಲ್ರಿ ಸಾವಕಾರ್ರ, ಕಪಾಟಿನ್ಯಾಗ ಕುಂದರತೈತಿ. ನಿಮ್ಮ ಕಾರೂ ಹಂಗ ಕುಂದರಸ್ರಿ!”

ಅವನು ಚೇಷ್ಟೆ ಮಾಡಿದ್ದ. ಕಾಕಾ ಅದನ್ನು ಉಪದೇಶವೆಂದೇ ತಿಳಿದ. ಊರಿಗೆ ಹೋದವನೇ ಬೆಲ್ಲದ ಪೆಂಟೆಗಳನ್ನು ಅಂಗಳಕ್ಕೆ ಹಾಕಿಸಿ, ವಖಾರದಲ್ಲಿ ಕಾರು ನಿಲ್ಲಿಸಿ ಬಾಗಿಲು ಎಳೆದ. ಅಂಗಳದ ಬೆಲ್ಲ ಬಿಸಿಲಿಗೆ ಕರಗತೊಡಗಿದಾಗ ಕಾಕಿ ಕೈಯಲ್ಲಿ ಪೊರಕೆ ಹಿಡಿದು ಬಂದಳು. ಕಾರು ಅಂಗಳಕ್ಕೆ ಬಂತು.

ಇಷ್ಟರ ನಡುವೆ ಮುಂಬಯಿಯಿಂದ ಯಾರೋ ವ್ಯಾಪಾರಿ ಮಿತ್ರರು ವಿಲಾಯತಿ ಮೇಣದ ಒಂದು ಡಬ್ಬಿ ತಂದುಕೊಟ್ಟರು. ಖಾಸ್ ಕಾರಿಗೆಂದೇ ಮಾಡಿದ್ದು. ಕಾಕಾ ಅದನ್ನು ಹಚ್ಚಿದನೇ? ಎಲ್ಲಿಯ ಮಾತು! ದೇವರ ಜಗುಲಿಯ ಮೇಲೆ ಇಟ್ಟ. ಕಾಕಿ ದಿನಾ ದೇವರಿಗೆ ಆರತಿ ಬೆಳಗುವಾಗ ಡಬ್ಬಿಗೂ ಬೆಳಗಿ, “ನೀನರ ಇವರಿಗಿ ಬುದ್ಧಿ ಕೊಡೋ ತಂದೆ” ಎನ್ನುತ್ತಿದ್ದಳು.

“ಕಾಕಾ, ಅದನ್ನ ಯಾವಾಗ ತಗೀತಿ?” ಎಂದು ನಾನು ಕೇಳುತ್ತಿದ್ದೆ.

“ಖರೇ ಪ್ರಸಂಗ ಬಂದಾಗ.”

ಹೀಗೇ ವರ್ಷಗಳು ಕಳೆದು ಮಗಳ ಮದುವೆ ಗೊತ್ತಾಯಿತು. ಗಂಡಿನ ಊರು ಮೂಡಲಗಿಯ ಹತ್ತಿರ, ನಮ್ಮ ಹಿರಿಯರ ಹಾಗೆಯೇ ಕುರಿ ಮತ್ತು ಹೊಲ ನಂಬಿದ ಜನ. ಮಗಳು ಒಂದೇ ಒಂದು ಹಟ ಹಿಡಿದಳು. “ಅಪ್ಪಾ, ನಾ ಗಂಡನ ಮನಿಗಿ ಹೋದರ ನಿನ್ನ ಕಾರಿನ್ಯಾಗ. ಇಲ್ಲಂದ್ರ ಇಲ್ಲೇ ಇರತೇನಿ.”

ಕಾಕಾನ ಜೀವ ಹಾರಿತು. ಆ ದಾರಿಯ ಜಾಲಿಮುಳ್ಳು, ಧೂಳು, ಮೇಲೆ ಬೀಗರೂರಿನ ಮಂದಿ! “ಬಸ್ಸಿನ್ಯಾಗ ಆರಾಮ ಹೋಗಬಹುದು, ಇಲ್ಲಾ ಸವಾರಿ ಬಂಡಿ ಕಟ್ಟಸ್ತೇನಿ” ಎಂದ. ಮಗಳು ಮಾತು ಬಿಟ್ಟಳು. ಉಣ್ಣುವುದನ್ನೂ ಬಿಟ್ಟಳು.

ಕಾಕಿ ನೇರವಾಗಿ ಕೇಳಿದಳು, “ಅಲ್ರೀ, ನಿಮಗ ಮಗಳು ದೊಡ್ಡಾಕೋ, ಕಾರು ದೊಡ್ಡದೋ?”

ಕಾಕಾ ಒಂದು ಗಳಿಗೆ ವಿಚಾರ ಮಾಡಿದ. ಇಂಥ ಪ್ರಶ್ನೆಗೆ ಯಾರಾದರೂ ವಿಚಾರ ಮಾಡುತ್ತಾರೆಯೇ? ಆ ಒಂದು ಗಳಿಗೆಯನ್ನು ಕಾಕಿ ಅವನಿಗೆ ಜನ್ಮಪೂರ್ತಿ ಮರೆಯಗೊಡಲಿಲ್ಲ.

ಕೊನೆಗೆ ಕಾಕಾ ಒಪ್ಪಿದ. ಆದರೆ ಬಣ್ಣ ಕಾಪಾಡಬೇಕಲ್ಲ? “ಡಬ್ಬಿ ಒಡಿ ಕಾಕಾ, ಮಗಳ ಮದವಿಗಿಂತ ಖರೇ ಪ್ರಸಂಗ ಯಾವುದೈತಿ?” ಎಂದೆ. ಅವನು ಒಲ್ಲೆನೆಂದು ತಲೆ ಅಲ್ಲಾಡಿಸಿದ. ಘೋಡಗೇರಿಯಿಂದ ಜೇನುಮೇಣ ತರಿಸಿ, ಔಡಲೆಣ್ಣೆ ಸೇರಿಸಿ ಕಾಯಿಸಿದ. ಮದುವೆಯ ಅಡುಗೆಯ ಒಲೆ ಒಂದು ಕಡೆ, ಮೇಣದ ಒಲೆ ಒಂದು ಕಡೆ. ಹದ ನೋಡಲು ಎರಡಕ್ಕೂ ಕಾಕಾನೇ! ಅಕ್ಷತೆ ಬೀಳುವ ಮುಂಜಾನೆ ಆ ಮೇಣವನ್ನು ಹೋಳಿಗೆಗೆ ತುಪ್ಪ ಹಾಕಿದ ಹಾಗೆ ದಪ್ಪಗೆ ಬಳಿದ. “ಇನ್ನ ಜಾಲಿಮುಳ್ಳು ತಾಗಿದರೂ ಗೀರು ಬೀಳೂದಿಲ್ಲ, ನೋಡ ಬೇಕಾರ!”

ಗೀರು ಬೀಳಲಿಲ್ಲ, ಅದು ಖರೆ. ಅಕ್ಷತೆ ಮುಗಿದು ಕಾರು ಹೊರಟ ಮೇಲೆ, ಬಿಸಿಲೇರಿದಂತೆ ಮೇಣ ಕರಗಿ ಅಂಟಾಯಿತು. ದಾರಿಯ ಧೂಳು ಅಂಟಿತು, ಹುಲ್ಲು ಅಂಟಿತು, ಎಲ್ಲಿಂದಲೋ ಕೋಳಿಪುಕ್ಕವೂ ಬಂದು ಅಂಟಿತು. ಬೀಗರ ಊರು ಮುಟ್ಟಿದೆವೋ ಇಲ್ಲವೋ ಡೊಳ್ಳು ಎದ್ದವು. ನಮ್ಮವರಿಗೆ ಸಂತೋಷ ತಡೆಯದೆ ಹೋದಾಗ ಏನು ಮಾಡುತ್ತಾರೆ? ದೇವರ ಅರಿಷಿಣದ ಪುಡಿ, ಅದೇ ಭಂಡಾರ, ಬೊಗಸೆಗಟ್ಟಲೆ ತೂರುತ್ತಾರೆ. ತೂರಿದರು ನೋಡಿ! ಬೇರೆ ಕಾರಾಗಿದ್ದರೆ ಜಾಡಿಸಿದರೆ ಉದುರುತ್ತಿತ್ತು. ಕಾಕಾನ ಕಾರು ಒಂದು ಕಾಳೂ ಬಿಡದೆ ಹಿಡಿದುಕೊಂಡಿತು. ಮಾಳಿಗೆಯ ಮೇಲಿನಿಂದ ಒಬ್ಬ ಅಜ್ಜಿ ಕೂಗಿದಳು, “ಹಳದಿ ಕಾರು ಚಂದ ಐತಿ, ಬೀಗರ ಆರಿಸಿ ತಂದಾರ!”

ಕಾಕಾ ಸ್ಟೇರಿಂಗು ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದ.

ಮಗಳು ಇಳಿದಳು. ಮನೆಯೊಳಗೆ ಹೋಗುವ ಮೊದಲು ತಿರುಗಿ ಬಂದು, ಕಾರಿನ ಹಿಂದಿನ ಬಾಗಿಲ ಮೇಲೆ ಅಂಗೈಯನ್ನು ಪೂರ್ತಿ ಒತ್ತಿ ಇಟ್ಟಳು. ನಗುತ್ತಿದ್ದಳು, ಕಣ್ಣು ತುಂಬಿತ್ತು. “ಅಪ್ಪಾ, ಇವತ್ತರ ಮುಟ್ಟಲೇನ?”

ಕಾಕಾ ಹೂಂ ಎಂಬಂತೆ ತಲೆ ಆಡಿಸಿದ.

ಮರುದಿನ ಬೆಳಿಗ್ಗೆ ಹುಕ್ಕೇರಿಯ ಅಂಗಳದಲ್ಲಿ ಅವನು ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಕಾರು ತೊಳೆಯುತ್ತಿದ್ದ. ಬಾನೆಟ್ಟು ಕರಿದಾಯಿತು, ಕಾರಿನ ನೆತ್ತಿ ಕರಿದಾಯಿತು. ಹಿಂದಿನ ಬಾಗಿಲಿಗೆ ಬಂದವನು ನಿಂತುಬಿಟ್ಟ. ಅಲ್ಲಿ ಮೇಣದಲ್ಲಿ ಐದು ಬೆರಳು ಅಚ್ಚಾಗಿ ಮೂಡಿದ್ದವು, ಸುತ್ತ ಭಂಡಾರದ ಹಳದಿ. ಅರಿವೆ ಕೆಳಗಿಟ್ಟು ಒಳಗೆ ಹೋದ. ಬರುವಾಗ ಕೈಯಲ್ಲಿ ಜಗುಲಿಯ ಮೇಲಿನ ಡಬ್ಬಿ ಇತ್ತು.

ಮುಚ್ಚಳ ತೆಗೆದ. ಮೇಣವನ್ನು ಒಲೆಯ ಮೇಲೆ ಕರಗಿಸಿ, ಬಿಸಿ ಇಳಿದ ಮೇಲೆ ಅದರಲ್ಲಿ ಹತ್ತಿ ಅದ್ದಿ, ಆ ಕೈಯ ಮೇಲೆ ಹನಿ ಹನಿಯಾಗಿ ಬಿಟ್ಟ. ಎಲ್ಲಿಯೂ ಉಜ್ಜಲಿಲ್ಲ. ಜೀವಮಾನವೆಲ್ಲ ಒರೆಸಿದ ಮನುಷ್ಯ ಅಂದು ಒರೆಸಲಿಲ್ಲ.

“ಕಾಕಾ, ಇದರ ಕೆಳಗ ಬಣ್ಣ ಹಾಳಾಗತೈತಲ್ಲೋ” ಎಂದೆ.

“ಆಗಲಿ” ಎಂದ.

ಮೇಣ ಆರಿತೋ ಇಲ್ಲವೋ ನೋಡೋಣವೆಂದು ನಾನು ಬೆರಳು ಚಾಚಿದೆ. ಕಾಕಾ ನನ್ನ ಕೈ ಹಿಡಿದ. ಇಷ್ಟು ವರ್ಷ ಕೇಳಿದ ಅದೇ ಮಾತು, ಆದರೆ ಈ ಸಲ ಕೂಗಲಿಲ್ಲ.

“ಮುಟ್ಟಬ್ಯಾಡಪಾ. ಅಲ್ಲಿ ನನ್ನ ಮಗಳ ಕೈ ಐತಿ.”