ಅಗ್ಗದಲ್ಲಿ ಫ್ರಾನ್ಸ್

ಖರ್ಚು ಮಾಡಿ ಪ್ರವಾಸ ಹೋಗುವುದು ಯಾರಿಗೆ ಬರುವುದಿಲ್ಲ ಹೇಳಿ? ಕಾರ್ಡು ಉಜ್ಜಿದರೆ ಆಯಿತು. ಖರ್ಚಿಲ್ಲದೆ ಹೋಗಿ ಬರುವುದಿದೆಯಲ್ಲ, ಅದು ವಿದ್ಯೆ! ಆ ವಿದ್ಯೆಯಲ್ಲಿ ಇಡೀ ಹ್ಯಾಮಿಲ್ಟನ್ನಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ "ರಜಕ್ಕೆ ಎಲ್ಲಿಗೆ ಹೋಗೋದು?" ಎಂದು ಕೇಳಿದರೆ ಸಾಕು, ಉಳಿದವರು ಕನ್ನಡಕ ಹುಡುಕುವಷ್ಟರಲ್ಲಿ ನನ್ನ ಸಲಹೆ ಹೋಗಿ ಕೂತಿರುತ್ತಿತ್ತು.

ಹೀಗಿರುವಾಗ ನಮ್ಮ ಯಜಮಾನರಾದ ತಿಪ್ಪೇಸ್ವಾಮಿಯವರಿಗೆ ಫ್ರೆಂಚ್ ಹುಚ್ಚು ಹಿಡಿಯಿತು. ಚಳ್ಳಕೆರೆಯಲ್ಲಿ ಹುಟ್ಟಿ, ಇಲ್ಲಿ ಹಾಲಿನ ಪುಡಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮನುಷ್ಯನಿಗೆ ಫ್ರೆಂಚ್ ಯಾಕೆ? ಕೇಳಿದರೆ, "ಸುಮ್ನೆ ಕಣೇ, ಹೆಂಗಿರುತ್ತೆ ನೋಡಾಣ ಅಂತ" ಎಂದರು. ಮೊಬೈಲಿನಲ್ಲಿ ಪಾಠ ಶುರುವಾಯಿತು. ಬೆಳಗ್ಗೆ ಎದ್ದರೆ ಫ್ರಿಜ್ಜಿಗೆ "ಬೋಂಜೂರ್" ಎಂಬ ನಮಸ್ಕಾರ, ಚಹಾ ಕಾಯಿಸಿಕೊಟ್ಟ ಕೆಟಲಿಗೆ "ಮೆರ್ಸಿ" ಎಂಬ ಥ್ಯಾಂಕ್ಸು. ಇಷ್ಟು ವರ್ಷ ಚಹಾ ಕಾಯಿಸಿಕೊಟ್ಟ ನನಗೆ ಒಂದು ದಿನವೂ ಮೆರ್ಸಿ ಇಲ್ಲ!

ವರ್ಷ ಕಳೆದ ಮೇಲೆ ಒಂದು ಸಂಜೆ ಮೆಲ್ಲಗೆ ಬಾಯಿಬಿಟ್ಟರು.

"ಫ್ರಾನ್ಸಲ್ಲಿ ನೀಸ್ ಅಂತ ಒಂದೂರೈತಂತೆ, ಸಮುದ್ರದ ಪಕ್ಕ. ಅಲ್ಲಿ ಕೂತು, ಒಬ್ರು ಫ್ರೆಂಚ್‌ನೋರ ಹತ್ರ ಫ್ರೆಂಚಲ್ಲೇ ಒಂದು ಕಾಫಿ ಕೇಳ್ಬೇಕು. ಅಷ್ಟೇ ಕಣೇ ಆಸೆ."

ಮದುವೆಯಾದಾಗಿನಿಂದ ಇನ್ನೊಂದು ಸೌಟು ಸಾರನ್ನೂ ಬಾಯಿಬಿಟ್ಟು ಕೇಳದ ಮನುಷ್ಯ. ನನ್ನ ಮನಸ್ಸು ಕರಗಿತು. ಪರ್ಸು ಕರಗಲಿಲ್ಲ.

"ರೀ, ಅಷ್ಟು ದೂರ ಯಾಕೆ? ಇಲ್ಲೇ ಸೌತ್ ಐಲೆಂಡಲ್ಲಿ ಅಕರೋವಾ ಇದೆ. ಫ್ರೆಂಚರೇ ಬಂದು ನೆಲೆ ನಿಂತ ಊರು. ಸಮುದ್ರಾನೂ ಇದೆ, ಬೀದಿಗಳಿಗೂ ಫ್ರೆಂಚ್ ಹೆಸರು. ವೀಸಾನೂ ಬೇಡ!"

"ಅಲ್ಲಿ ಫ್ರೆಂಚ್ ಜನ ಇದಾರಾ?"

"ಇಲ್ದೆ ಎಲ್ಲಿಗೆ ಹೋಗ್ತಾರೆ?" ಎಂದೆ. ಅವರು ಹೋಗಿ ತಲೆಮಾರುಗಳೇ ಕಳೆದಿರಬಹುದು ಎಂದು ನನಗೇನು ಗೊತ್ತು!

ನನ್ನ ಸೂತ್ರಗಳು ಸರಳ. ದೊಡ್ಡ ಹಡಗುಗಳು ಬಂದು ಜನ ಸುರಿಯುವ ಬೇಸಿಗೆಯಲ್ಲಿ ಹೋಗಬಾರದು; ಚಳಿ ಶುರುವಾಗುವ ಹೊತ್ತಿಗೆ ಹೋದರೆ ವಿಮಾನವೂ ಅಗ್ಗ, ಊರೂ ಖಾಲಿ. ಲಗೇಜಿಗೆ ದುಡ್ಡು ಕಟ್ಟಬಾರದು, ಕೈಚೀಲವಷ್ಟೇ. ಎಲ್ಲಕ್ಕಿಂತ ಮಹಾಸೂತ್ರವೆಂದರೆ, ಮೋಟೆಲ್ಲಿಗೆ ಕಾಸು ಸುರಿಯಬಾರದು. ನಮ್ಮವರ ಮನೆಯಲ್ಲಿ ಇಳಿಯಬೇಕು! ನಾನು ಕೆಲಸ ಮಾಡುವ ಆಸ್ಪತ್ರೆಯ ವಾರ್ಡಿನ ಇನ್ನೊಬ್ಬ ನರ್ಸ್ ಪೂರ್ವಿಯ ದೊಡ್ಡಮ್ಮ ಶಾಂತಾ ಆಂಟಿ ಕ್ರೈಸ್ಟ್‌ಚರ್ಚಿನಲ್ಲಿದ್ದರು. ಅಲ್ಲಿಂದ ಅಕರೋವಾ ಕಾರಿನಲ್ಲಿ ಒಂದೂವರೆ ಗಂಟೆ. ಆಂಟಿಯ ಮುಖ ನಾನು ಕಂಡಿರಲಿಲ್ಲ ನಿಜ. ಆದರೆ ಫೋನಿನಲ್ಲಿ "ಮೈಸೂರು ಕಡೆಯೋರಾ ಆಂಟಿ?" ಎಂದು ಕೇಳಿದ ಮೇಲೆ ಇನ್ನೇನು ಪರಿಚಯ ಬೇಕು?

ಆದರೆ ನಮ್ಮವರ ಮನೆಗೆ ಬರಿಗೈಯಲ್ಲಿ ಹೋಗಲು ಆಗುತ್ತದೆಯೇ? ಚಕ್ಕುಲಿ, ಕೊಬ್ಬರಿ ಮಿಠಾಯಿ, ಚಟ್ನಿಪುಡಿ, ಆಂಟಿಗೊಂದು ಸೀರೆ, ಅಂಕಲ್‌ಗೆ ಶಾಲು. ಕೈಚೀಲದ ಏಳು ಕೆಜಿ ಅಲ್ಲಿಗೇ ಮುಗಿಯಿತು. ನಮ್ಮ ಬಟ್ಟೆಗಳನ್ನು ನಾವೇ ಒಂದರ ಮೇಲೊಂದು ತೊಟ್ಟು ವಿಮಾನ ಹತ್ತಿದೆವು.

"ಕಮಲಾ, ಕೈ ಮಡಚಾಕಾಗ್ತಿಲ್ಲ ಕಣೇ."

"ಮಡಚ್ಬೇಡಿ. ಫ್ರೆಂಚರು ಹಾಗೇ ನಿಲ್ಲೋದು."

ಶುಕ್ರವಾರ ಸಂಜೆ ಶಾಂತಾ ಆಂಟಿ, ವೆಂಕಟರಮಣ ಅಂಕಲ್ ನಮ್ಮನ್ನು ಬಾಗಿಲಲ್ಲೇ ಅಪ್ಪಿಕೊಂಡರು. ಇಬ್ಬರೂ ಬೆಣ್ಣೆಯಂಥ ಮನುಷ್ಯರು. ಅದೇ ಆಪತ್ತು! ಒರಟರಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು.

ಶನಿವಾರ ಎಂಟಕ್ಕೇ ಹೊರಡುವುದೆಂದು ನಮ್ಮ ಯೋಜನೆ. ಇವರು ಸ್ನಾನ ಮಾಡಿ, ಕ್ರಾಪು ತೆಗೆದು, ತುಟಿಯಲ್ಲೇ ಫ್ರೆಂಚ್ ಗುನುಗುತ್ತ ಬಾಡಿಗೆ ಕಾರಿನ ಕೀಲಿ ಹಿಡಿದು ನಿಂತಿದ್ದರು.

"ತಿಂಡಿ ತಿನ್ದೆ ಹೋದ್ರೆ ನಂಗೆ ತುಂಬಾ ಬೇಜಾರಾಗುತ್ತಮ್ಮಾ" ಎಂದರು ಆಂಟಿ.

ತಿಂಡಿ ಅಕ್ಕಿರೊಟ್ಟಿ. ಮನೆಯಲ್ಲಿದ್ದದ್ದು ಒಂದೇ ಕಾವಲಿ. ಒಂದು ರೊಟ್ಟಿ ಬೆಂದು, ಕಾವಲಿ ಆರಿ, ಇನ್ನೊಂದು ತಟ್ಟುವಷ್ಟರಲ್ಲಿ ಮೊದಲನೆಯದು ಜೀರ್ಣವಾಗಿ ಮತ್ತೆ ಹಸಿವಾಗುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಆಂಟಿಗೆ ಹೊಸ ಯೋಚನೆ ಬಂತು.

"ನೀವಿಬ್ರೇ ಯಾಕೆ ಹೋಗ್ತೀರಾ ಪಾಪ! ನಾವೂ ಬರ್ತೀವಿ. ಬಿಸಿಬೇಳೆಬಾತ್ ಮಾಡ್ಕೊಂಡ್ಬಿಡ್ತೀನಿ, ಒಂದೇ ನಿಮಿಷ."

ಬಿಸಿಬೇಳೆಬಾತ್ ಒಂದೇ ನಿಮಿಷದಲ್ಲಿ ಆಗುವ ದೇಶ ಇನ್ನೂ ಪತ್ತೆಯಾಗಿಲ್ಲ. ಹೊರಟಾಗ ಸೂರ್ಯ ನೆತ್ತಿ ದಾಟಿದ್ದ. ಅಂಕಲ್ ತಮ್ಮ ಕಾರನ್ನೇ ತೆಗೆದರು, ದಾರಿಯಲ್ಲಿ ಗುಡ್ಡ ಕಂಡಲ್ಲೆಲ್ಲ ನಿಲ್ಲಿಸಿ "ಇಲ್ಲೊಂದು ಫೋಟೋ" ಎಂದರು. ನಮ್ಮವರು ಹಿಂದಿನ ಸೀಟಿನಲ್ಲಿ ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅಕರೋವಾ ಕಂಡಾಗ ಮಾತ್ರ ಎಲ್ಲ ಮರೆತುಹೋಯಿತು. ಹಸಿರು ಗುಡ್ಡಗಳ ನಡುವೆ ನೀಲಿ ನೀರು, ಮರದ ಪುಟ್ಟ ಮನೆಗಳು, ಅಲ್ಲಲ್ಲಿ ಫ್ರಾನ್ಸಿನ ಬಾವುಟ. ಬೀದಿಯ ಫಲಕಗಳಲ್ಲೆಲ್ಲ "ರೂ" ಎಂದು ಶುರುವಾಗುವ ಹೆಸರು. "ಏನ್ರೀ ಇದು, ಬೀದಿಗೂ ರೇಟು ಹಾಕಿದ್ದಾರಾ?" ಎಂದೆ. "ರೂ ಅಂದ್ರೆ ಬೀದಿ ಕಣೇ" ಎಂದು ಇವರು ಹಿಗ್ಗಿ ಹೀರೇಕಾಯಾದರು. ಅವರ ವರ್ಷದ ವಿದ್ಯೆಯ ಮೊದಲ ಫಲ ಅದು!

ನೀರಿಗೆದುರಾಗಿ ಒಂದು ಕೆಫೆ. ಇವರು ಅಂಗಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ಬಾಗಿಲಿಗೆ ಕೈ ಹಾಕಿದರು. ಒಳಗೆ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಕೂತಿದ್ದವು. ಈ ದೇಶದಲ್ಲಿ ಮೂರು ಗಂಟೆಗೇ ಕೆಫೆಗಳಿಗೆ ಸೂರ್ಯಾಸ್ತ! ಇದೊಂದು ಸೂತ್ರ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಇವರು ಗಾಜಿನೊಳಗೆ ಇಣುಕಿ ನೋಡುತ್ತಲೇ ನಿಂತರು.

ಆದರೂ ಅವರು ಛಲ ಬಿಡಲಿಲ್ಲ. ಕಂಡಕಂಡವರಿಗೆಲ್ಲ ಬೋಂಜೂರ್ ಹೇಳಿದರು. ಬ್ರೆಡ್ಡಿನ ಅಂಗಡಿಯನ್ನು ಮುಚ್ಚುತ್ತಿದ್ದವನು ಫಿಲಿಪೀನ್ಸಿನವನು. ದೋಣಿಗಳು ನಿಲ್ಲುವ ಜೆಟ್ಟಿಯಲ್ಲಿ ಮೀನು ಹಿಡಿಯುತ್ತಿದ್ದ ಮುದುಕ ಸ್ಕಾಟ್ಲೆಂಡಿನವನು. ಓರೆಯಾಗಿ ಫ್ರೆಂಚ್ ಟೋಪಿ ಇಟ್ಟಿದ್ದ ಹೆಂಗಸಿನ ಮೇಲೆ ನನಗೂ ಭರವಸೆ ಇತ್ತು. ಆಕೆ ಇದೇ ದ್ವೀಪದ ಟಿಮರು ಊರಿನವಳು, ಟೋಪಿ ಚಳಿಗೆ!

"ಅಂಕಲ್, ಫ್ರೆಂಚರೆಲ್ಲ ಏನಾದ್ರು?" ಎಂದು ಕೇಳಿದೆ.

"ಅಯ್ಯೋ, ಅವ್ರು ಹಡಗು ತುಂಬಾ ಜನ ಕರ್ಕೊಂಡು ಊರು ಕಟ್ಟೋಕೆ ಅಂತ ಬಂದ್ರಮ್ಮಾ. ನೋಡಿದ್ರೆ ಕೆಲವೇ ದಿನ ಮುಂಚೆ ಇಂಗ್ಲಿಷ್‌ನೋರು ಬಂದು ಬಾವುಟ ಹಾರಿಸಿದ್ರು. ಬಂದೋರು ಬಂದಾಗಿತ್ತು, ಇದ್ದು ಇಲ್ಲಿಯೋರೇ ಆಗ್ಬಿಟ್ರು. ಸ್ವಲ್ಪದ್ರಲ್ಲಿ ಲೇಟ್ ಆಗೋಯ್ತು."

ನಾನು ಆಂಟಿಯ ಕಡೆ ನೋಡಿದೆ. ಪಾಪ, ಫ್ರೆಂಚರೂ ದಾರಿಯಲ್ಲಿ ಯಾರೋ ನಮ್ಮವರ ಮನೆಯಲ್ಲಿ ಇಳಿದಿದ್ದರೇನೋ! ತಿಂಡಿ ತಿಂದುಕೊಂಡೇ ಹೋಗಿ ಎಂದಿರಬೇಕು.

ಸಮುದ್ರದ ಕಟ್ಟೆಯ ಮೇಲೆ ಬಿಸಿಬೇಳೆಬಾತ್ ಬಿಚ್ಚಿದೆವು. ಕಡಲಹಕ್ಕಿಗಳು ಇವರ ಕೈಯಿಂದಲೇ ಹಪ್ಪಳ ಕಿತ್ತುಕೊಂಡು ಹೋದವು. ಇವರು ಹಕ್ಕಿಗೂ "ಮೆರ್ಸಿ" ಎಂದರು. ಇನ್ಯಾರಿಗೆ ಹೇಳಿಯಾರು?

ರಾತ್ರಿ ಮನೆಗೆ ಮರಳಿ ಕೈಕಾಲು ತೊಳೆಯುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ! ನಮ್ಮ ಗೌರವಾರ್ಥ ಆಂಟಿ ಊರಿನ ಕನ್ನಡದವರನ್ನೆಲ್ಲ ಊಟಕ್ಕೆ ಕರೆದಿದ್ದರು. "ಇವ್ಳು ಆಸ್ಪತ್ರೇಲಿ ಮೂಳೆ ವಾರ್ಡಲ್ಲಿ ನರ್ಸು" ಎಂದು ಪರಿಚಯಿಸಿದ್ದೇ ತಡ, ಸಭೆಯಲ್ಲಿದ್ದ ಮಂಡಿಗಳೆಲ್ಲ ಒಮ್ಮೆಲೇ ನೋಯತೊಡಗಿದವು. ಒಬ್ಬರು ಎಕ್ಸ್‌ರೇಯನ್ನೇ ತಂದಿದ್ದರು. ಪಾಯಸ ಬಡಿಸುವಾಗ ಒಬ್ಬರ ಹಿಮ್ಮಡಿ ನನ್ನ ಮಡಿಲಲ್ಲಿತ್ತು. ಅತ್ತ ಇವರು ಮೂಲೆಯಲ್ಲಿ ಮೊಬೈಲು ಹಿಡಿದು, ಯಾರಿಗೂ ಕೇಳದಂತೆ ಕಾಫಿ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದರು.

ಭಾನುವಾರ ಸಂಜೆ ನಮ್ಮ ವಿಮಾನ. ಉಳಿದಿದ್ದು ಅದೊಂದೇ ಬೆಳಗು. ಬೆಳಕು ಹರಿಯುವ ಮುಂಚೆ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳರಂತೆ ಹೊರಟೆವು. ಅಡುಗೆಮನೆಯ ದೀಪ ಹತ್ತಿತು. ಆಂಟಿ!

"ಏನಮ್ಮಾ, ತಿಂಡಿ ತಿನ್ದೆ..."

ನನ್ನ ಬಾಯಿಗೆ ಆ ಕ್ಷಣ ಯಾವ ದೇವರು ಬಂದು ಕೂತನೋ. "ಇವ್ರು ಹರಕೆ ಹೊತ್ತಿದ್ದಾರೆ ಆಂಟಿ! ಇವತ್ತು ಸಮುದ್ರ ನೋಡೋವರೆಗೂ ಹನಿ ನೀರೂ ಮುಟ್ಟಲ್ಲ!"

ಇವರು ಕಣ್ಣು ಕಣ್ಣು ಬಿಟ್ಟರು. ಆಂಟಿ ಕೈ ಮುಗಿದರು.

"ಹರಕೆ ಅಂದ್ಮೇಲೆ ತಡೆದ್ರೆ ನಮ್ಗೆ ಪಾಪ ಬರುತ್ತೆ. ಹೋಗ್ಬನ್ನಿ, ಹೋಗ್ಬನ್ನಿ!"

ಕಾರಿನಲ್ಲಿ ನಾವಿಬ್ಬರೇ. ಕೆಫೆಯ ಬಾಗಿಲು ತೆರೆದಿತ್ತು. ನೀರಿನ ಕಡೆಯ ಮೇಜು ಹಿಡಿದೆವು. ತಲೆಗೂದಲನ್ನು ಪೆನ್ಸಿಲಿನಲ್ಲಿ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಬಂದು ನಿಂತಳು. ಇವರು ಅಂಗಿ ಎಳೆದುಕೊಂಡು ನೆಟ್ಟಗೆ ಕೂತರು. ನಾನೂ.

"ಬೋಂಜೂರ್. ಅಂ ಕಫೇ, ಸಿಲ್ ವು ಪ್ಲೆ."

ಹುಡುಗಿ ಆರ್ಡರ್ ಬರೆದುಕೊಳ್ಳುವ ಪುಸ್ತಕ ಕೆಳಗಿಟ್ಟಳು. ಅವಳ ಕಣ್ಣು ಅಗಲವಾಯಿತು. ಆಮೇಲೆ ಬಾಯಿಂದ ಫ್ರೆಂಚ್ ಹೊಳೆಯಂತೆ ಹರಿಯಿತು! ಅಪ್ಪಟ ಫ್ರಾನ್ಸಿನವಳು. ಗೆಳೆಯರ ಜೊತೆ ವ್ಯಾನಿನಲ್ಲಿ ದೇಶ ಸುತ್ತುತ್ತ, ಸಿಕ್ಕಲ್ಲಿ ಕೆಲಸ ಮಾಡುತ್ತಿದ್ದವಳು. ಇವರು "ಮೆಲ್ಲಗೆ, ಮೆಲ್ಲಗೆ" ಎಂದು ಕೈಸನ್ನೆ ಮಾಡಿದರು. ಅವಳು ಮಗುವಿಗೆ ಅನ್ನ ತಿನ್ನಿಸುವಂತೆ ಒಂದೊಂದೇ ಮಾತು ಆಡಿದಳು. ಇವರು ಒಂದೊಂದೇ ಮಾತು ಹುಡುಕಿ ಉತ್ತರ ಕೊಟ್ಟರು. ಇಬ್ಬರೂ ನಕ್ಕರು. ಕಾಫಿ ಬಂದು ತಣ್ಣಗಾಯಿತು.

ನನಗೆ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು. ಜೊತೆಗೆ ಕುತೂಹಲ ಕುಟುಕತೊಡಗಿತು. ಇವರು ಬಾಯಿ ತೆರೆಯುವ ಮುಂಚೆಯೇ ಏನು ಹೇಳುತ್ತಾರೆಂದು ತಿಳಿಯುತ್ತಿದ್ದ ನನಗೆ ಈಗ ಒಂದಕ್ಷರವೂ ಅರ್ಥವಾಗುತ್ತಿಲ್ಲ! ಮಧ್ಯೆ "ಕಮಲಾ" ಎಂದದ್ದು ಕೇಳಿಸಿತು. ಹುಡುಗಿ ನನ್ನನ್ನು ಭಕ್ತಿಯಿಂದ ನೋಡಿದಳು. ಆಮೇಲೆ "ಹ್ಯಾಮಿಲ್ಟನ್" ಎಂದದ್ದು ಕೇಳಿಸಿತು. ಅವಳು ಪೆನ್ಸಿಲು ಕಿತ್ತು ಏನೋ ಬರೆದುಕೊಂಡು, ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಓಡಿದಳು.

ಜೆಟ್ಟಿಯವರೆಗೆ ತಡೆದುಕೊಂಡೆ. ಅದಕ್ಕಿಂತ ಮುಂದೆ ಆಗಲಿಲ್ಲ.

"ರೀ, ನನ್ನ ಬಗ್ಗೆ ಏನಂದ್ರಿ?"

"ಅವ್ರ ಹತ್ರ ದುಡ್ಡಿಲ್ವಂತೆ. ಈ ದೇಶದಲ್ಲಿ ಖರ್ಚಿಲ್ದೆ ಸುತ್ತೋದು ಹೆಂಗೆ ಅಂತ ಕೇಳಿದ್ಲು. ನನ್ನ ಹೆಂಡ್ತಿ ಅದ್ರಲ್ಲಿ ಭಾಳ ದೊಡ್ಡ ಪಂಡಿತೆ ಅಂದೆ."

ನಾನು ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡೆ. "ಯಾವ ಸೂತ್ರ ಹೇಳಿದ್ರಿ?"

"ಅದೇ, ಮಹಾಸೂತ್ರ. ಮೋಟೆಲ್ಲಿಗೆ ಕಾಸು ಸುರೀಬೇಡಿ, ಪರಿಚಯದೋರ ಮನೇಲಿ ಇಳೀರಿ ಅಂತ. ಇಲ್ಲಿ ಯಾರೂ ಪರಿಚಯ ಇಲ್ವಲ್ಲ ಅಂದ್ಲು ಪಾಪ. ನಾವಿದೀವಲ್ಲ ಅಂದೆ. ಮುಂದಿನ ವಾರ ಎಲ್ರೂ ಹ್ಯಾಮಿಲ್ಟನ್ನಿಗೆ ಬರ್ತಾರಂತೆ."

ನಾನು ಜೆಟ್ಟಿಯ ಕಂಬ ಹಿಡಿದುಕೊಂಡೆ.

"ಎಲ್ರೂ ಅಂದ್ರೆ? ಎಷ್ಟು ಜನ ಅಂತಾದ್ರೂ ಕೇಳಿದ್ರಾ?"

"ಕೇಳ್ದೆ. ಅವ್ಳು ಹೇಳಿದ್ಲು ಕೂಡ."

"ಎಷ್ಟು ಅಂದ್ಲು?"

ಇವರು ಸಮುದ್ರದ ಕಡೆ ತಿರುಗಿದರು.

"ನಾನಿನ್ನೂ ಅಂಕಿ ಪಾಠಕ್ಕೆ ಬಂದಿಲ್ಲ ಕಣೇ."