ನನ್ನ ಸ್ವಭಾವಕ್ಕೆ ಒಪ್ಪುವ ಊರು

ಹೋಗು ಅಂದರೆ ಹೋಗುವ, ಕೂರು ಅಂದರೆ ಕೂರುವ ಜಾತಿಯ ಮನುಷ್ಯ ನಾನು. ಇಂಥವನನ್ನು ಯಾರಾದರೂ ‘ಎಲ್ಲಿಗೆ ಹೋಗುತ್ತೀ?’ ಎಂದು ಕೇಳಿಬಿಟ್ಟರೆ ಕೆಲಸ ಕೆಟ್ಟಿತು. ಊಟಕ್ಕೆ ಕುಳಿತಾಗ ‘ರೊಟ್ಟಿಯೋ ಅನ್ನವೋ?’ ಎಂದು ಕೇಳಿದರೂ ನನಗೆ ತಲೆಬಿಸಿಯಾಗುತ್ತದೆ. ಎರಡನ್ನೂ ಬಡಿಸಿದರೇ ಸಮಾಧಾನ. ಆದರೆ ಊರುಗಳನ್ನು ಹಾಗೆ ಎರಡೆರಡು ಬಡಿಸಿಕೊಳ್ಳಲು ಬರುವುದಿಲ್ಲ ನೋಡಿ, ಅಲ್ಲಿಯೇ ನನ್ನ ಕಥೆ ಶುರುವಾದದ್ದು.

ಹೈದರಾಬಾದ್ ಸಂಸ್ಥಾನ ವಿಲೀನವಾದ ಮೇಲೆ ನಮ್ಮ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಉರ್ದುವಿನ ಜಾಗಕ್ಕೆ ಕನ್ನಡ ಬಂತು. ಕನ್ನಡವೇನೋ ಬಂತು, ಕಲಿಸುವವರು ಬರಲಿಲ್ಲ. ಹೀಗಾಗಿ ನಾಲ್ಕು ಸಾಲು ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲ ನನ್ನಂಥವನಿಗೂ ಏಕಾಏಕಿ ಬೆಲೆ ಏರಿತು. ರಾಯಚೂರಿನ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ನನ್ನನ್ನು ಕರೆಸಿ, ಎದುರಿಗೆ ಕುರ್ಚಿ ಹಾಕಿಸಿ, “ಮಾಸ್ತರ, ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡಿ ಜಾಗಾ ಖಾಲಿ ಅದಾವ. ನಿಮಗ ಯಾವ್ದು ಪಸಂದ ಬರ್ತದ ನೋಡ್ರಿ. ದಸರಾ ಸೂಟಿ ಮುಗಿಯೂದ್ರಾಗ ಹೇಳಿಬಿಡ್ರಿ” ಎಂದರು. ಸಾಹೇಬರು ನಮ್ಮ ಪಸಂದು ಕೇಳುವ ಕಾಲವೂ ಬಂತಲ್ಲ ಎಂದು ಗಾಬರಿಯಾಗಿ ನಾನು ಸಾಹೇಬರಿಗೊಮ್ಮೆ, ಕುರ್ಚಿಗೊಮ್ಮೆ ನಮಸ್ಕಾರ ಮಾಡಿ ಹೊರಬಿದ್ದೆ.

ಆಗ ನನ್ನ ಮದುವೆಯಾಗಿ ವರ್ಷವಾಗುತ್ತ ಬಂದಿತ್ತು. ಹೆಂಡತಿ ಶರಣಮ್ಮ ಇನ್ನೂ ತವರಾದ ಸಂತೆಕಲ್ಲೂರಿನಲ್ಲೇ ಇದ್ದಳು. ನಾನು ರಾಯಚೂರಿನಲ್ಲಿ ಇನ್ನಿಬ್ಬರು ಮಾಸ್ತರರ ಜೊತೆ ಒಂದೇ ಖೋಲಿಯಲ್ಲಿ ಬಿದ್ದುಕೊಂಡಿದ್ದೆ. ಕಾಯಂ ಊರು ಗೊತ್ತಾದ ಕೂಡಲೇ ಸಂಸಾರ ಹೂಡುವುದೆಂದು ಹಿರಿಯರ ನಡುವೆ ಮಾತಾಗಿತ್ತು. ಅವಳು ಹೆಂಚು, ಬೀಸುಕಲ್ಲು, ಕೌದಿ ಎಲ್ಲ ಹೊಂದಿಸಿಟ್ಟುಕೊಂಡು ಕಾಯುತ್ತಿದ್ದಳು. “ಯಾವ ಊರಾದ್ರೂ ನಡೀತೈತಿ, ಲಗೂನ ಕರ್ಕೊಂಡು ಹೋಗಂತ ಹೇಳ್ರಿ” ಎಂದು ಮಾವನವರ ಬಾಯಲ್ಲಿ ಹೇಳಿ ಕಳಿಸಿದ್ದಳು.

ಯಾವ ಊರಾದರೂ ನಡೆಯುತ್ತದೆ ಎನ್ನುವುದು ವಿಚಾರವಂತರು ಆಡುವ ಮಾತೇ? ಮನುಷ್ಯ ಮೊದಲು ತನ್ನ ಸ್ವಭಾವವನ್ನು ಅರಿಯಬೇಕು, ಆಮೇಲೆ ಅದಕ್ಕೆ ಒಪ್ಪುವ ಊರನ್ನು ಹುಡುಕಬೇಕು ಎಂದು ನಾನು ತೀರ್ಮಾನಿಸಿದೆ. ನನ್ನ ಸ್ವಭಾವ ಅರಿಯುವುದು ಕಷ್ಟವಾಗಲಿಲ್ಲ. ನಾನು ಮಿತಭಾಷಿ, ಶಾಂತಿಪ್ರಿಯ. ಓದಿನಲ್ಲಿ ಆಸಕ್ತಿ, ಮಧ್ಯಾಹ್ನದ ನಿದ್ದೆಯಲ್ಲಿ ಅದಕ್ಕಿಂತ ಹೆಚ್ಚು. ಇದನ್ನು ಖೋಲಿಯ ಗೆಳೆಯನೊಬ್ಬನಿಗೆ ಹೇಳಿದೆ. “ನೀ ಮಿತಭಾಷಿ ಏನಲೇ? ನೀ ನಿದ್ದಿಗಣ್ಣಾಗೂ ಪಾಠ ಮಾಡ್ತೀಯಂತ ನಾವು ಕಿವ್ಯಾಗ ಅರಳಿ ತುರುಕ್ಕೊಂಡು ಮಲಗತೀವಿ!” ಎಂದ. ನಮ್ಮನ್ನು ಅರ್ಥ ಮಾಡಿಕೊಳ್ಳುವವರು ಹತ್ತಿರದಲ್ಲಿ ಇರುವುದು ಅಪರೂಪ.

ಸೂಟಿ ಬಿದ್ದ ಕೂಡಲೇ ಇಸ್ತ್ರಿ ಮಾಡಿದ ಕೋಟು, ತೊಳೆದ ಧೋತರ, ಹೊಸ ಟೋಪಿ ಹಾಕಿಕೊಂಡು ಊರು ಪರೀಕ್ಷೆಗೆ ಹೊರಟೆ. ಮೊದಲು ಸಿಂಧನೂರು. ಹಿಂದಿನ ದಿನ ಮಳೆಯಾಗಿತ್ತು. ಬಸ್ಸಿನಿಂದ ಕಾಲು ಕೆಳಗಿಟ್ಟೆ. ಎರೆಮಣ್ಣು ಗಬಕ್ಕನೆ ಹಿಡಿದುಕೊಂಡಿತು. ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ. ಪರಿಚಯವಿಲ್ಲದವರನ್ನು ಮೊದಲ ಭೇಟಿಯಲ್ಲೇ ಹೀಗೆ ಹಿಡಿದುಕೊಳ್ಳುವ ಊರು ನನಗೆ ಆಗದು ಎಂದು ಅದೇ ಬಸ್ಸು ಹತ್ತಿ ಕುಳಿತೆ. ಯಾರೊಡನೆಯೂ ಒಂದು ಮಾತು ಆಡಲಿಲ್ಲ.

ಲಿಂಗಸುಗೂರು ಹಾಗಲ್ಲ. ಹಿಂದೆ ದಂಡಿನ ಛಾವಣಿ ಇದ್ದ ಊರು, ದಾರಿಗಳಿಗೊಂದು ಶಿಸ್ತು. ಅಲ್ಲಿ ಒಂದು ಓಣಿಯಲ್ಲಿ ನಿಂತು, ಮಂದಿ ಹೇಗೆ, ಜಗಳ ಗಿಗಳ ಉಂಟೋ, ಬಾವಿ ನೀರು ಸಿಹಿಯೋ ಸವುಳೋ ಎಂದು ಮೆಲ್ಲನೆ ವಿಚಾರಿಸತೊಡಗಿದೆ. ನಾನು ಯಾರು, ಯಾಕೆ ಬಂದೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಮಾಸ್ತರ ಬಂದಿದ್ದಾನೆಂದು ಗೊತ್ತಾದರೆ ಜನ ತಮ್ಮ ನಿಜಗುಣ ಮುಚ್ಚಿಟ್ಟುಕೊಳ್ಳುತ್ತಾರೆಂದು ನನ್ನ ಲೆಕ್ಕಾಚಾರ. ಪಿಂಚಣಿ ಪಡೆದ ಮುದುಕರೊಬ್ಬರು ಕಟ್ಟೆಗೆ ಕರೆದು ಕೂರಿಸಿಕೊಂಡು, “ನಮ್ಮೂರು ಒಂದ್ ಕಾಲಕ್ಕ ಜಿಲ್ಲಾ ಇತ್ರೀ. ರಾಯಚೂರು ಏನೂ ಅಲ್ಲ ಆವಾಗ” ಎಂದು ಸಂಜೆಯವರೆಗೂ ಹೇಳಿದರು. ಅವರ ಮನೆಯ ಅಜ್ಜಿ ಸಜ್ಜಕ ಮಾಡಿ ತಂದಿಟ್ಟು, ನನ್ನ ಕುಲದ ಬೆಡಗು ಯಾವುದು, ಹೊಲ ಎಷ್ಟು, ನನ್ನ ತಾಯಿ ಜೋರಿನವಳೇನು ಎಂದೆಲ್ಲ ಕೇಳಿದಳು. ಎಂಥ ಜ್ಞಾನದಾಹದ ಊರು ಎಂದು ನಾನು ಮೆಚ್ಚಿಕೊಂಡೆ. ಆದರೆ ಆ ಜಿಲ್ಲೆಯ ಕಥೆಯನ್ನು ದಿನಾ ಕೇಳಬೇಕಾದರೆ ಮಧ್ಯಾಹ್ನದ ನಿದ್ದೆ? ಮನಸ್ಸು ಹೊಯ್ದಾಡಿತು.

ಮಸ್ಕಿ ಮಾತ್ರ ನೋಡಿದೊಡನೆ ಹಿಡಿಸಿತು. ಬೆಟ್ಟ, ಬಂಡೆಗಳ ನೆರಳು, ಚಕ್ರವರ್ತಿಯೊಬ್ಬ ಬರೆಯಿಸಿದ ಕಲ್ಲು. ಓದಲು ಬಾರದಿದ್ದರೂ ಅದರ ಮುಂದೆ ಗಂಭೀರವಾಗಿ ನಿಂತು ತಲೆದೂಗಿದೆ. ಆಮೇಲೆ ಕಿರಾಣಿ ಅಂಗಡಿಯೊಂದರ ಮುಂದೆ ಅದೇ ನನ್ನ ಗುಟ್ಟಿನ ವಿಚಾರಣೆ. ಅಂಗಡಿಯ ಶೆಟ್ಟರು ನನ್ನ ಕೋಟು ನೋಡಿದರು, ಟೋಪಿ ನೋಡಿದರು, ನಕ್ಕರು. “ತಿಳೀತ್ ಬಿಡ್ರಿ, ನೀವು ಹೇಳಬ್ಯಾಡ್ರಿ. ಬರ್ರಿ, ನಮ್ಮ ಬೀಗರ ಮನ್ಯಾಗ ಚಾ ಕುಡದು ಹೋಗೀರಂತ” ಎಂದು ಕೈ ಹಿಡಿದು ಕರೆದೊಯ್ದರು. ಅಲ್ಲಿ ಜಮಖಾನ ಹಾಸಿತ್ತು. ಗಂಡಸರು ಸಾಲಾಗಿ ಕುಳಿತಿದ್ದರು. ಒಗ್ಗರಣೆ ಮಂಡಾಳು, ಮೆಣಸಿನಕಾಯಿ ಬಜ್ಜಿ ಬಂದವು. ತಲೆ ತಗ್ಗಿಸಿಕೊಂಡು ಒಬ್ಬ ಹುಡುಗಿ ಚಾ ತಂದಿಟ್ಟು ಒಳಗೆ ಓಡಿಹೋದಳು. ಇಂಥ ಅತಿಥಿಸತ್ಕಾರ ಇರುವ ಊರು ಬಿಟ್ಟು ಬೇರೆ ಯಾಕೆ ಎಂದುಕೊಂಡು ನಾನು, “ನನಗಂತೂ ಪೂರಾ ಪಸಂದ ಬಂತ್ರೀ” ಎಂದು ಎರಡನೆಯ ಬಜ್ಜಿಗೆ ಕೈ ಹಾಕಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಚಪ್ಪಲಿ ಬಿಡುತ್ತ ನನ್ನನ್ನು ನೋಡಿದರು. ಸಂತೆಕಲ್ಲೂರಿನಲ್ಲಿ ನಮ್ಮ ಮಾವನವರ ಪಕ್ಕದ ಮನೆಯವರು. “ಅರೆ, ಅಳಿಯಂದ್ರು ಇಲ್ಲೇ ಅದಾರಲ್ಲ! ನಮ್ಮ ಶರಣಮ್ಮ ನಿಮ್ಮ ದಾರಿ ನೋಡಿ ನೋಡಿ ಸೊರಗ್ಯಾಳ್ರೀ” ಎಂದರು. ಸಾಲಾಗಿ ಕುಳಿತಿದ್ದ ಗಂಡಸರೆಲ್ಲ ನನ್ನ ಕಡೆ ತಿರುಗಿದರು. ಇಸ್ತ್ರಿ ಕೋಟು ಹಾಕಿಕೊಂಡು, ಹೆಸರು ಹೇಳದೆ, ಮಂದಿಯ ಗುಣ ವಿಚಾರಿಸುತ್ತ ತಿರುಗುವವರು ನಮ್ಮ ಸೀಮೆಯಲ್ಲಿ ಕನ್ಯೆ ಹುಡುಕುವವರು ಮಾತ್ರ ಎಂಬುದು ನನಗೆ ಆಗ ಹೊಳೆಯಿತು. ಲಿಂಗಸುಗೂರಿನ ಸಜ್ಜಕದ ಅರ್ಥವೂ ಆಗಲೇ ಹೊಳೆಯಿತು. ಶೆಟ್ಟರು ನನ್ನ ಕೈಯೊಳಗಿನ ಬಜ್ಜಿಯನ್ನು ತೆಗೆದುಕೊಂಡು ತಾಟಿನಲ್ಲಿಟ್ಟು, ತಾಟನ್ನು ಒಳಗೆ ಕಳಿಸಿದರು.

ಸಂತೆಕಲ್ಲೂರಿಗೆ ನಾನು ಓಡೋಡಿ ಹೋದೆ. ಸುದ್ದಿ ನನಗಿಂತ ಮೊದಲು ಸೈಕಲ್ ಮೇಲೆ ಹೋಗಿತ್ತು. ಮಾವನವರು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದರು. ಅತ್ತೆ ಒಳಗಿನಿಂದಲೇ ನನ್ನ ವಂಶವನ್ನು ನೆನೆಯುತ್ತಿದ್ದರು. ನಾನು ಪಡಸಾಲೆಯಲ್ಲಿ ನಿಂತು ಶರಣಮ್ಮನಿಗೆ ಎಲ್ಲವನ್ನೂ ಹೇಳಿದೆ: ಸ್ವಭಾವ, ಆಸಕ್ತಿ, ಬಾವಿ ನೀರು, ಬಜ್ಜಿ. ಅವಳು ನಂಬಿದಳು. ನಂಬಿದ್ದೇ ಕಷ್ಟವಾಯಿತು.

“ಇನ್ನೊಬ್ಬಾಕಿನ ನೋಡಾಕ ಹೋಗಿದ್ರ ಒಂದ್ ಸಲ ಜಗಳಾಡಿ ಬಿಡತಿದ್ದೆ” ಎಂದಳು. “ನಾ ಇಲ್ಲಿ ಗಂಟು ಕಟ್ಟಿಟ್ಟು ದಿನಾ ಬಾಗಲಾ ನೋಡಾಕತ್ತೀನಿ. ನೀವು ಊರೂರು ತಿರುಗಿ ನೀರಿನ ರುಚಿ ನೋಡಾಕತ್ತೀರೇನ್ರೀ?” ಅವಳ ಕಣ್ಣಲ್ಲಿ ನೀರಿತ್ತು. ಅಷ್ಟೂ ದಿನ ನನ್ನ ಸ್ವಭಾವವನ್ನು ಅಳೆದು ತೂಗಿದೆನೇ ಹೊರತು, ಅದರ ಜೊತೆ ಬಾಳಬೇಕಾದವಳ ನೆನಪು ಒಮ್ಮೆಯೂ ಆಗಿರಲಿಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಮಸ್ಕ್ಯಾಗ, ಲಿಂಗಸುಗೂರಾಗ ನಾ ತಲಿ ಎತ್ತಿ ನೀರಿಗೆ ಹೋಗೂದು ಇನ್ನ ಆಗಂಗಿಲ್ಲ ಬಿಡ್ರಿ. ಸಿಂಧನೂರಾಗ ಯಾರ್‍ಯಾರನ್ನ ಮಾತಾಡ್ಸಿ ಬಂದೀರಿ?” ಎಂದಳು.

“ಯಾರನ್ನೂ ಇಲ್ಲ. ಇಳದೆ, ಹತ್ತಿದೆ ಅಷ್ಟ.”

“ಹಂಗಾದ್ರ ಅದ ನಮ್ಮೂರು” ಎಂದಳು. ಮಾವನವರು ಬಂಡಿ ಹೂಡಿದರು.

ಸಿಂಧನೂರಿನಲ್ಲಿ ನಮಗೆ ಸಿಕ್ಕ ಮನೆಯ ಬೆನ್ನಿಗೆ ಹಿಟ್ಟಿನ ಗಿರಣಿ, ಎದುರಿಗೆ ಕಂಬಾರನ ಕುಲುಮೆ. ಮಧ್ಯಾಹ್ನದ ನಿದ್ದೆಗೆ ಅಲ್ಲಿಯೇ ಎಳ್ಳು ನೀರು ಬಿಟ್ಟೆ. ಶರಣಮ್ಮನಿಗೆ ಮಾತ್ರ ಇಡೀ ಓಣಿಯ ಹೆಂಗಸರು ಅಕ್ಕ ತಂಗಿಯರಾದರು. ಅವಳ ನಗು ಗಿರಣಿಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಬೇಸಿಗೆ ಬಂತು, ಕೆಸರು ಹೋಗಿ ಧೂಳು ಎದ್ದಿತು. ಒಂದು ದಿನ ಊಟಕ್ಕೆ ಕುಳಿತಾಗ ಗಾಳಿ ಬೀಸಿ ರೊಟ್ಟಿಯ ಮೇಲೆ ಬೂದಿ ಬಣ್ಣದ ಪದರು ಕುಳಿತಿತು. ನನಗೆ ರೇಗಿತು. “ಎಷ್ಟಂದ್ರೂ ಈ ಊರು ನನ್ನ ಸ್ವಭಾವಕ್ಕ ಒಪ್ಪಂಗಿಲ್ಲ ನೋಡು” ಎಂದೆ.

“ಒಪ್ಪದಿದ್ರ ಬದಲಿ ಮಾಡ್ಸಿಕೊಳ್ಳೂಣು ಬಿಡ್ರಿ” ಎಂದಳು ಶರಣಮ್ಮ, ಇನ್ನೊಂದು ರೊಟ್ಟಿ ಬಡಿಯುತ್ತ. “ಆದ್ರ ಈ ಸಲ ಊರು ನೋಡಾಕ ನಾ ಹೊಕ್ಕೀನಿ. ಅಲ್ಲೀತನಕ ನೀವು ಸಂತೆಕಲ್ಲೂರಾಗ ನಮ್ಮಪ್ಪನ ಮನ್ಯಾಗ ಇರ್ರಿ.”

“ಎಷ್ಟು ದಿನ?” ಎಂದೆ.

“ಅದೆಂಗ ಹೇಳಾಕ ಬರ್ತೈತ್ರೀ? ನನ್ನ ಸ್ವಭಾವಕ್ಕ ಒಪ್ಪಬೇಕಲ್ಲ.”

ಮಾವನವರ ಬೆನ್ನು, ಅತ್ತೆಯವರ ಬಾಯಿ ಎರಡೂ ಕಣ್ಣೆದುರು ಬಂದವು. ನಾನು ರೊಟ್ಟಿಯನ್ನು ಕೊಡವಿ, ಮುರಿದು, ಪಲ್ಯದಲ್ಲಿ ಅದ್ದಿ ತಿಂದೆ. ಸಿಂಧನೂರಿನ ಧೂಳಿನಿಂದ ರೊಟ್ಟಿಗೆ ಒಂದು ಬಗೆಯ ವಿಶೇಷ ರುಚಿ ಬರುತ್ತದೆ, ಜೀರ್ಣಕ್ಕೂ ಒಳ್ಳೆಯದು ಎಂದು ಅಂದಿನಿಂದ ನಾನು ಶಾಲೆಯಲ್ಲಿ ಕೂಡ ಹೇಳಿಕೊಡುತ್ತಿದ್ದೇನೆ.