ಪೂವಯ್ಯನವರ ಜೇನಿನ ಪುಸ್ತಕ ಜೈಲಿಗೆ ಹೋದದ್ದು

ಪರೋಪಕಾರ ಮಾಡಬೇಕೆಂಬ ಆಸೆ ನನಗೆ ಯಾವತ್ತೂ ತಾನಾಗಿ ಹುಟ್ಟಿದ್ದಲ್ಲ. ಅದು ಹುಟ್ಟುವುದು ನನ್ನ ಹೆಂಡತಿಗೆ, ಬೆನ್ನುನೋವು ಬರುವುದು ನನಗೆ. ವಿರಾಜಪೇಟೆಯ ನಮ್ಮ ಮನೆಯ ಅಟ್ಟದಲ್ಲಿ, ನಾನು ಮೇಷ್ಟ್ರಾಗಿದ್ದ ಕಾಲದಿಂದ ಕೂಡಿಹಾಕಿದ ಪುಸ್ತಕಗಳಿದ್ದವು. "ನೀವಂತೂ ಓದಲ್ಲ, ಗೆದ್ದಲು ಓದ್ತಾ ಇದೆ. ಜೈಲಿನ ಲೈಬ್ರರಿಗೆ ಹಳೇ ಪುಸ್ತಕ ಬೇಕಂತೆ, ಕೊಟ್ಟುಬಿಡಿ. ಅಲ್ಲಿರೋರಿಗಾದ್ರೂ ಪುರುಸೊತ್ತಿರುತ್ತೆ" ಎಂದಳು. ವಾದ ಮಾಡುವ ತ್ರಾಣ ಈಗೀಗ ನನ್ನಲ್ಲಿಲ್ಲ. ಅವಳು ಮೇಲಿಂದ ಕೊಟ್ಟದ್ದನ್ನೆಲ್ಲ ತೆರೆದೂ ನೋಡದೆ ಎರಡು ಗೋಣಿಚೀಲಕ್ಕೆ ತುಂಬಿದೆ.

ದಾನ ಕೊಡುವುದು ಅಷ್ಟು ಸುಲಭವಲ್ಲ ಎಂದು ಗೊತ್ತಾದದ್ದು ಜೈಲಿನ ಗೇಟಿನಲ್ಲಿ. ಒಳಗೇನಾದರೂ ಬಚ್ಚಿಟ್ಟಿದ್ದಾರೋ ಎಂದು ಪ್ರತಿ ಪುಸ್ತಕವನ್ನೂ ತಲೆಕೆಳಗು ಮಾಡಿ ಕೊಡವಿದರು. ನನ್ನವುಗಳಿಂದ ಉದುರಿದ್ದು ಒಂದು ಲಗ್ನಪತ್ರಿಕೆ, ಎರಡು ಬಸ್ ಟಿಕೆಟು, ಒಣಗಿದ ಕಾಫಿ ಹೂ, ಮತ್ತೆ ಯಾವುದೋ ಕಾಲದ ವಿದ್ಯಾರ್ಥಿನಿಯ ರಜಾ ಅರ್ಜಿ. "ಇವರಿಗೆ ರಜಾ ಕೊಟ್ರಾ ಸಾರ್?" ಎಂದು ವಾರ್ಡರ್ ಕೇಳಿದ. ನೆನಪಿರಲಿಲ್ಲ. ಸೊಂಟ ಹಿಡಿದುಕೊಂಡು ಮನೆಗೆ ಬಂದು ಮಲಗಿದೆ.

ಇಲ್ಲಿ ಪೂವಯ್ಯನವರ ವಿಷಯ ಹೇಳಬೇಕು. ಮೂರ್ನಾಡಿನಲ್ಲಿ ಕಾಫಿ ತೋಟ ಮಾಡಿಕೊಂಡಿರುವ ಸಾಧು ಮನುಷ್ಯ, ನನ್ನ ಹಳೆಯ ಸ್ನೇಹಿತರು. ಒಮ್ಮೆ ಜೇನು ಸಾಕುವ ಹುಚ್ಚು ಹಿಡಿದಾಗ ಅವರಿಂದ ಒಂದು ದಪ್ಪ ಪುಸ್ತಕ ತಂದಿದ್ದೆ. ಹನ್ನೊಂದು ವರ್ಷದ ಹಿಂದೆ ಅವರು ಅದನ್ನು ಕೇಳಿದರು. ಆಗಲೇ ಹಿಂದಿರುಗಿಸಿದ್ದೇನೆ ಎಂದು ಎದೆ ತಟ್ಟಿ ಹೇಳಿದೆ. ಹಾಗೆಂದೇ ನಂಬಿದ್ದೆ ಕೂಡ. ಪಾಪ, ಮನೆಯೆಲ್ಲ ಹುಡುಕಿ, ಕೊನೆಗೆ ಅವರೇ ಫೋನ್ ಮಾಡಿ "ನನ್ನದೇ ಮರೆವು ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ" ಎಂದರು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಯಾವ ಮದುವೆಯಲ್ಲಿ ಸಿಕ್ಕಿದರೂ "ಪೂವಯ್ಯನವರೇ, ಇವತ್ತು ಕೊಡೆ ತಂದಿದ್ದೀರೋ, ಮರೆತಿರೋ?" ಎಂದು ನಾಲ್ಕು ಜನರ ಮುಂದೆ ಕೀಟಲೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಆದರೆ ಬರಬರುತ್ತಾ ಎಲ್ಲವನ್ನೂ ಜೇಬಿನ ಡೈರಿಯಲ್ಲಿ ಬರೆದುಕೊಳ್ಳತೊಡಗಿದರು, ತಪ್ಪಾಡುತ್ತೇನೆಂದು ಇಸ್ಪೀಟಿಗೆ ಕೂರುವುದನ್ನೂ ಬಿಟ್ಟರು. ವಯಸ್ಸಾಯಿತು ಎಂದುಕೊಂಡೆ.

ಮೊನ್ನೆ ಅವರ ಫೋನ್ ಬಂತು. "ಮೇಷ್ಟ್ರೇ, ಜೈಲಿಂದ ನನಗೊಂದು ಕಾಗದ ಬಂದಿದೆ. ಜೇನಿನ ಪುಸ್ತಕ ದಾನ ಮಾಡಿದ್ದಕ್ಕೆ ವಂದನೆ ಅಂತ." ನನಗೆ ತೆರೆದೂ ನೋಡದೆ ತುಂಬಿದ ಗೋಣಿಚೀಲಗಳು ನೆನಪಾದವು. ಆ ಲೈಬ್ರರಿ ನೋಡಿಕೊಳ್ಳುವ ಕೈದಿಯೊಬ್ಬ ಪುಸ್ತಕದ ಮೊದಲ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೇ ವಂದನೆ ಬರೆಯುತ್ತಾನಂತೆ. ಪೂವಯ್ಯನವರೋ, ಕೊಂಡ ಪುಸ್ತಕ ಕಳೆಯಬಾರದೆಂದು ಪಿನ್‌ಕೋಡ್ ಸಮೇತ ವಿಳಾಸ ಬರೆದಿಡುವವರು. "ಯಾವಾಗ ಕೊಟ್ಟೆ ಅಂತ ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ. ಜೈಲಿಗೆ ಹೋಗಿಬಂದದ್ದೇ ಮರೆತುಹೋದ್ರೆ ಇನ್ನೇನು ಉಳೀತು? ಬೊಳ್ಳಮ್ಮ ಅಳ್ತಾ ಕೂತಿದ್ದಾಳೆ. ಬುಧವಾರ ಮೈಸೂರಲ್ಲಿ ನರದ ಡಾಕ್ಟರಿಗೆ ತೋರಿಸ್ತೀವಿ" ಎಂದರು.

ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ನಿಜ ಹೇಳಲು ಧೈರ್ಯ ಬೇಕು ಎನ್ನುತ್ತಾರೆ. ನನ್ನಲ್ಲಿದ್ದದ್ದು ಬರೀ ಸುಸ್ತು. ಇನ್ನೊಂದು ಹನ್ನೊಂದು ವರ್ಷ ಇದನ್ನು ಹೊತ್ತು ತಿರುಗಲು ನನ್ನಿಂದ ಆಗುತ್ತಿರಲಿಲ್ಲ. "ಪುಸ್ತಕ ನಮ್ಮ ಅಟ್ಟದಲ್ಲೇ ಇತ್ತು ಪೂವಯ್ಯನವರೇ. ಜೈಲಿಗೆ ಕೊಟ್ಟದ್ದು ನಾನು. ನಿಮ್ಮ ತಲೆ ಅವತ್ತೂ ಸರಿ ಇತ್ತು, ಇವತ್ತೂ ಸರಿ ಇದೆ" ಎಂದೆ.

ಅವರು ಕೂಡಲೇ ಹೆಂಡತಿ ಬೊಳ್ಳಮ್ಮನನ್ನು ಕೂಗಿ ಕೊಡವ ಭಾಷೆಯಲ್ಲಿ ಹೇಳಿದ್ದು ನನಗೂ ಅರ್ಥವಾಯಿತು. ತನಗೇನೂ ಆಗಿಲ್ಲ, ಅಳಬೇಡ ಅಂತ. ನಾನು ಬೈಗುಳಕ್ಕೆ ಕಿವಿ ಕೊಟ್ಟು ಕೂತಿದ್ದೆ.

"ಮೇಷ್ಟ್ರೇ, ಆ ಡಾಕ್ಟರು ಸಿಗೋದು ಬಹಳ ಕಷ್ಟ. ಯಾರೋ ಬರಲ್ಲ ಅಂದದ್ದಕ್ಕೆ ನಮಗೆ ಸಿಕ್ಕಿದ್ದು. ಹಾಳು ಮಾಡೋದು ಬೇಡ, ನೀವು ತೋರಿಸ್ಕೊಂಡು ಬನ್ನಿ" ಎಂದರು.

ಕುಟುಕಲು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯ ನಿಜವಾದ ಕಾಳಜಿಯಿಂದ ಹೇಳಿದರು. ಬುಧವಾರ ಬೆಳಿಗ್ಗೆ ಅವರೇ ಜೀಪು ತರುತ್ತಾರಂತೆ. ನಾನು ಮರೆತೇನು ಎಂದು ಮಂಗಳವಾರವೂ ಒಂದು ಫೋನ್ ಮಾಡುತ್ತಾರಂತೆ.